ಅದಿರು ಇಳಿದ ದಾರಿ, ಸೈಕಲ್ ಏರುವ ದಾರಿ

ಕೆಮ್ಮಣ್ಣುಗುಂಡಿಗೆ ಹೋಗಿ ಬಂದವರನ್ನು ಕೇಳಿದರೆ ಗುಲಾಬಿ ತೋಟ, ಝೆಡ್ ಪಾಯಿಂಟ್, ಹೆಬ್ಬೆ ಜಲಪಾತ ಎನ್ನುತ್ತಾರೆ. ಕುದುರೆಮುಖಕ್ಕೆ ಹೋದವರ ಮೊಬೈಲ್ ತುಂಬ ಹಸಿರು ಗುಡ್ಡ, ಶೋಲಾ ಕಾಡು, ಮಂಜು. ಭದ್ರಾವತಿಗೆ ಪ್ರವಾಸಕ್ಕೆಂದೇ ಹೋಗುವವರು ವಿರಳ. ಶಿವಮೊಗ್ಗದ ರೈಲು ಹತ್ತಿದವರು ಕಿಟಕಿಯಿಂದಲೇ ಊರು ನೋಡಿ ಮುಂದೆ ಸಾಗುತ್ತಾರೆ. ಹೀಗೆ ಮೂರು ಊರುಗಳು ಮೂರು ಪಟ್ಟಿಗೆ ಸೇರಿಹೋಗಿವೆ: ಒಂದು ಗಿರಿಧಾಮ, ಒಂದು ರಾಷ್ಟ್ರೀಯ ಉದ್ಯಾನ, ಒಂದು ಸೊರಗಿದ ಕಾರ್ಖಾನೆ ಊರು. ಆದರೆ ಮೂರಕ್ಕೂ ಇಪ್ಪತ್ತನೇ ಶತಮಾನದ ಚರಿತ್ರೆ ಬರೆದದ್ದು ಕಬ್ಬಿಣ. ಆ ಚರಿತ್ರೆಯ ಕುರುಹನ್ನು ಕಟ್ಟಡಗಳಲ್ಲಿ ಹುಡುಕಿದರೆ ಸಿಗುವುದು ಅಲ್ಪ. ಅದು ಉಳಿದಿರುವುದು ನೆಲದ ಏರಿಳಿತದಲ್ಲಿ. ಉದ್ಯಮ ಅಲ್ಲಿಗೇ ಏಕೆ ಬಂತು, ಹೇಗೆ ನಡೆಯಿತು, ಏಕೆ ನಿಂತಿತು ಎಂಬ ಮೂರೂ ಪ್ರಶ್ನೆಗಳಿಗೆ ಇಳಿಜಾರೇ ಬಹುಪಾಲು ಉತ್ತರ ಕೊಡುತ್ತದೆ. ಆ ಉತ್ತರ ಕಾಲಿಗೆ ತಿಳಿಯಬೇಕಾದರೆ ಸೈಕಲ್ಲಿನಷ್ಟು ತಕ್ಕ ವಾಹನ ಇನ್ನೊಂದಿಲ್ಲ.

ದಾರಿ ಹೀಗಿದೆ. ಭದ್ರಾವತಿಯಿಂದ ತರೀಕೆರೆ, ಲಿಂಗದಹಳ್ಳಿ, ಕಲ್ಲತ್ತಿಗಿರಿ ದಾಟಿ ಕೆಮ್ಮಣ್ಣುಗುಂಡಿ. ಅಲ್ಲಿಂದ ಇಳಿದು ಸಂತವೇರಿ, ಮಲ್ಲೇನಹಳ್ಳಿ ಮೇಲೆ ಚಿಕ್ಕಮಗಳೂರು. ಬಳಿಕ ಆಲ್ದೂರಿನ ಕಾಫಿ ತೋಟಗಳ ನಡುವೆ ಬಾಳೆಹೊನ್ನೂರು. ಭದ್ರೆಯ ಹರಿವಿಗೆ ಎದುರಾಗಿ ಮಾಗುಂಡಿ, ಕಳಸ, ಕುದುರೆಮುಖ. ಕೊನೆಗೆ ಎಸ್.ಕೆ. ಬಾರ್ಡರ್ ಎಂಬ ಗಡಿ ತಾಣ ದಾಟಿ ಮಾಳ ಘಾಟಿಯಲ್ಲಿ ಇಳಿದರೆ ಕಾರ್ಕಳ, ಮುಂದೆ ಪಣಂಬೂರಿನ ಕಡಲು. ಒಟ್ಟು 300 ಕಿ.ಮೀ. ಮೀರುವ ಈ ಹಾದಿಯನ್ನು ರೂಢಿಯಿರುವ ಸವಾರರು ನಾಲ್ಕೈದು ದಿನಕ್ಕೆ ಹಂಚಿಕೊಂಡರೆ ಆತುರವಿಲ್ಲದೆ ಮುಗಿಸಬಹುದು. ಬಹುತೇಕ ಡಾಂಬರು ರಸ್ತೆಯೇ. ಬೆಟ್ಟದ ಸೈಕಲ್ ಬೇಕೆಂದಿಲ್ಲ. ಆದರೆ ಹಿಂದಿನ ಚಕ್ರಕ್ಕೆ ದೊಡ್ಡ ಹಲ್ಲುಚಕ್ರದ ಹಗುರ ಗೇರು, ನಂಬುಗೆಯ ಬ್ರೇಕು ಇಲ್ಲದೆ ಹೊರಡುವುದು ಜಾಣತನವಲ್ಲ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ಚಾಲನೆ ಸಿಕ್ಕಿದ್ದು 1918ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯ ಮೈಸೂರಿನ ದಿವಾನರಾಗಿದ್ದಾಗ. ಕುಲುಮೆ ಉರಿದದ್ದು 1923ರಲ್ಲಿ. ಮೈಸೂರು ಸಂಸ್ಥಾನದಲ್ಲಿ ಕಬ್ಬಿಣದ ಅದಿರು ಇತ್ತು, ಕಲ್ಲಿದ್ದಲು ಇರಲಿಲ್ಲ. ಹೀಗಾಗಿ ಕಾರ್ಖಾನೆಯನ್ನು ಮಲೆನಾಡಿನ ಅಂಚಿಗೆ ತಂದು, ಸುತ್ತಲ ಕಾಡಿನ ಕಟ್ಟಿಗೆಯನ್ನು ಇದ್ದಿಲು ಮಾಡಿ ಕುಲುಮೆಗೆ ಹಾಕಿದರು. ಕಟ್ಟಿಗೆ ಸುಡುವಾಗ ಹೊರಬರುವ ಹೊಗೆಯನ್ನೂ ಬಿಡದೆ ಅದರಿಂದ ಟಾರು, ಮರದ ಮದ್ಯಸಾರ ತೆಗೆಯುವ ಘಟಕವನ್ನೂ ಕಟ್ಟಿದರು. ನೀರಿಗೆ ಭದ್ರೆ ಪಕ್ಕದಲ್ಲೇ ಇತ್ತು. ಅದಿರು ಮಾತ್ರ ಬಾಬಾಬುಡನ್ ಗಿರಿಶ್ರೇಣಿಯ ಮೇಲೆ, 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯಲ್ಲಿತ್ತು. ಅದನ್ನು ರೋಪ್‌ವೇ ತೊಟ್ಟಿಗಳಲ್ಲಿ ತಣಿಗೆಬೈಲಿಗೆ ಇಳಿಸಿ, ಅಲ್ಲಿಂದ ಸಣ್ಣ ಹಳಿಯ ಟ್ರಾಮ್ ರೈಲಿನಲ್ಲಿ ಭದ್ರಾವತಿಗೆ ಸಾಗಿಸುತ್ತಿದ್ದರು. ಜೋಗದ ವಿದ್ಯುತ್ ಬಂದ ಮೇಲೆ, 1950ರ ದಶಕದಲ್ಲಿ, ವಿದ್ಯುತ್ ಕುಲುಮೆಗಳೂ ಸೇರಿಕೊಂಡವು. ಇಂದು ಗಿರಿಧಾಮದ ಪ್ರವಾಸಿಗರಿಗೆ ಕಾಣುವ ಕೆಂಪು ನೆಲ ಒಂದು ಕಾಲದಲ್ಲಿ ಇಡೀ ಪಟ್ಟಣದ ಅನ್ನವಾಗಿತ್ತು.

ಇಷ್ಟನ್ನು ಪುಸ್ತಕ ಓದಿಯೂ ತಿಳಿಯಬಹುದು, ಕಾರಿನಲ್ಲಿ ಕುಳಿತೂ ನೋಡಬಹುದು, ಸೈಕಲ್ಲೇ ಏಕೆ ಎಂದು ಕೇಳುವವರಿದ್ದಾರೆ. ಒಂದು ಲೆಕ್ಕ ನೋಡೋಣ. ಒಂದು ಟನ್ ಅದಿರು 700 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಹತ್ತಿರಹತ್ತಿರ ಎರಡು ಯೂನಿಟ್ ವಿದ್ಯುತ್ತಿಗೆ ಸಮ. ರೋಪ್‌ವೇಯ ಮೂಲ ತತ್ವವೇ ಇದು: ಇಳಿಯುವ ತುಂಬಿದ ತೊಟ್ಟಿಯ ತೂಕ ಏರುವ ಖಾಲಿ ತೊಟ್ಟಿಗೆ ಒತ್ತಾಸೆ. ಬೆಟ್ಟದ ಮೇಲೆ ಗಣಿ, ಬುಡದಲ್ಲಿ ಕಾರ್ಖಾನೆ ಎಂಬ ಲೆಕ್ಕಾಚಾರದಲ್ಲಿ ಭೂಮಿಯ ಸೆಳೆತವೇ ಸಂಬಳವಿಲ್ಲದ ಆಳು. ಈಗ ಅದೇ ಎತ್ತರವನ್ನು ಸೈಕಲ್ಲಿನಲ್ಲಿ ಏರಿ. ಲಿಂಗದಹಳ್ಳಿ ದಾಟಿದ ಮೇಲೆ ವೇಗ ಗಂಟೆಗೆ ಏಳೆಂಟು ಕಿ.ಮೀ.ಗೆ ಇಳಿಯುತ್ತದೆ, ಗೇರುಗಳು ಒಂದೊಂದಾಗಿ ಮುಗಿಯುತ್ತವೆ, ತಿರುವಿನ ಒಳಮಗ್ಗುಲು ಕಡಿದಾಗಿದೆಯೆಂದು ಹೊರಮಗ್ಗುಲಿಗೆ ಸರಿಯುವುದನ್ನು ಕಾಲೇ ಕಲಿಸುತ್ತದೆ. ಸವಾರನ ಮತ್ತು ಸೈಕಲ್ಲಿನ ತೂಕ ಸೇರಿ ಟನ್ನಿನ ಹತ್ತನೇ ಒಂದು ಭಾಗವೂ ಆಗುವುದಿಲ್ಲ. ಅಷ್ಟನ್ನೇ ಮೇಲೇರಿಸಲು ಇಷ್ಟು ಬೆವರು ಬೇಕಾದರೆ, ಅದಿರನ್ನು ಎತ್ತಿನ ಗಾಡಿಗೆ ಬಿಡದೆ ಆಕಾಶದಲ್ಲಿ ತಂತಿ ಎಳೆದವರ ತರ್ಕ ವಿವರಣೆಯಿಲ್ಲದೆ ಅರ್ಥವಾಗುತ್ತದೆ. ಕಾರಿನ ಎಂಜಿನ್ನು ಈ ಏರನ್ನು ನುಂಗಿಹಾಕುತ್ತದೆ. ಒಳಗೆ ಕುಳಿತವರಿಗೆ ತಿರುವು ತಿಳಿಯುತ್ತದೆ, ತೂಕ ತಿಳಿಯುವುದಿಲ್ಲ.

ನಡುವಿನ ಹಾದಿ ಕಾಫಿಯದು. ಸಂತ ಬಾಬಾಬುಡನ್ ತಂದರೆಂದು ಪ್ರತೀತಿಯಿರುವ ಬೀಜದಿಂದ ಬೆಳೆದ ಈ ಬೆಳೆಗೂ ತನ್ನದೇ ಕೈಗಾರಿಕೆ ಇದೆ: ತೋಟದ ಪಲ್ಪರ್ ಮನೆ, ಕಣ, ಪೇಟೆಯ ಕ್ಯೂರಿಂಗ್ ವರ್ಕ್ಸ್. ಅದು ಇನ್ನೂ ಜೀವಂತ, ಹಾಗಾಗಿ ಅದನ್ನು ಪರಂಪರೆ ಎಂದು ಯಾರೂ ಕರೆಯುವುದಿಲ್ಲ. ಬಾಳೆಹೊನ್ನೂರಿನಿಂದ ಮುಂದೆ ಗಮನಿಸಬೇಕಾದ್ದು ನದಿಯ ದಿಕ್ಕು. ಗಂಗಾಮೂಲದಲ್ಲಿ ಹುಟ್ಟುವ ಭದ್ರೆ ಕುದುರೆಮುಖ, ಕಳಸ, ಬಾಳೆಹೊನ್ನೂರು ಬಳಸಿ ಲಕ್ಕವಳ್ಳಿಯ ಜಲಾಶಯ ಸೇರಿ, ಭದ್ರಾವತಿ ದಾಟಿ ಕೂಡಲಿಯಲ್ಲಿ ತುಂಗೆಯನ್ನು ಕೂಡುತ್ತದೆ. ಅಂದರೆ ಒಂದು ಗಣಿ ನದಿಯ ತಲೆಯಲ್ಲಿ, ಒಂದು ಕಾರ್ಖಾನೆ ಅದರ ಕೆಳಗಿನ ದಂಡೆಯಲ್ಲಿ. ಆದರೂ ಅಲ್ಲಿನ ಅದಿರು ಇಲ್ಲಿನ ಕುಲುಮೆಗೆಂದು ತೆಗೆದದ್ದಲ್ಲ. ಅದು ಹೋದದ್ದು ನದಿಗೆ ಬೆನ್ನು ಹಾಕಿ, ಪಡುವಣಕ್ಕೆ.

ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾದದ್ದು 1976ರಲ್ಲಿ, ಇರಾನಿನ ಉಕ್ಕು ಉದ್ಯಮವನ್ನೇ ಗಿರಾಕಿಯಾಗಿ ನಂಬಿ. 1979ರ ಕ್ರಾಂತಿ ಆ ನಂಬಿಕೆಯನ್ನು ಕೆಡವಿದಾಗ ಬೇರೆ ಕೊಳ್ಳುವವರನ್ನು ಹುಡುಕಬೇಕಾಯಿತು. ಇಲ್ಲಿಯ ಮ್ಯಾಗ್ನೆಟೈಟ್ ಅದಿರಿನಲ್ಲಿ ಕಬ್ಬಿಣದ ಪಾಲು ಕಡಿಮೆ. ಕಲ್ಲನ್ನು ನುಣ್ಣಗೆ ಅರೆದು, ಕಬ್ಬಿಣದ ಅಂಶವನ್ನು ಬೇರ್ಪಡಿಸಿ, ನೀರು ಬೆರೆಸಿ, 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಕೆಸರನ್ನು ತಡೆಯಲು ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ಇಷ್ಟಕ್ಕೆಲ್ಲ ನೀರು ಬೇಕು. ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುವ ಗುಡ್ಡದಲ್ಲಿ ಅದಕ್ಕೆ ಬರವಿರಲಿಲ್ಲ. ಆದರೆ ಬಗೆದ ಗುಡ್ಡದ ಮೇಲೆ ಬಿದ್ದ ಅದೇ ಮಳೆ ಹೂಳನ್ನು ಹೊತ್ತು ಭದ್ರೆಗೆ ಇಳಿಸಿತು. ಆ ಹೂಳು ಮತ್ತು 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡಿನ ಉಳಿವು ಪರಿಸರ ಹೋರಾಟದ ಮುಖ್ಯ ವಾದಗಳಾದವು. 2002ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಅದಿರನ್ನು ಕಡಲಿಗೆ ಒಯ್ದದ್ದು ಇಳಿಜಾರು ಮತ್ತು ನೀರು. ಗಣಿಯನ್ನು ಮುಚ್ಚಿಸಿದ್ದೂ ಇಳಿಜಾರು ಮತ್ತು ನೀರೇ. ಭದ್ರಾವತಿಯದೂ ಇದೇ ಜಾಡು: ಕಾಡಿನ ಅಂಚು ಇದ್ದಿಲ ಕಾಲದಲ್ಲಿ ಅನುಕೂಲವಾಗಿತ್ತು, ಉಕ್ಕು ಕಲ್ಲಿದ್ದಲು ಮತ್ತು ಬಂದರನ್ನು ನೆಚ್ಚಿಕೊಂಡ ಕಾಲಕ್ಕೆ ಅದೇ ಜಾಗ ದೂರದ ಮೂಲೆಯಾಯಿತು.

ಈ ಹಾದಿಯನ್ನು ಉದ್ಯಮದ ಪರಂಪರೆಯೆಂದು ಸೈಕಲ್ಲಿನಲ್ಲಿ ನೋಡಹೊರಡುವುದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಕಾಡು ಕಡಿದು ನದಿ ಕೆಡಿಸಿದ ಗಣಿಯನ್ನು ಪರಂಪರೆ ಎಂದು ಮೆರೆಸುವುದು ತರವೇ ಎಂಬುದು ಮೊದಲನೆಯದು. ಪರಂಪರೆ ಎಂದ ಕೂಡಲೇ ಹೊಗಳಿಕೆ ಎಂದಾಗಬೇಕಿಲ್ಲ. ಗಣಿಯ ಸುದ್ದಿಯೇ ಇಲ್ಲದ ಕುದುರೆಮುಖವನ್ನು ಪ್ರವಾಸಿಗೆ ತೋರಿಸಿದರೆ, ಅದನ್ನು ನಿಲ್ಲಿಸಿದ ಹೋರಾಟವೂ ಕಣ್ಮರೆಯಾಗುತ್ತದೆ; ಹಸಿರು ತಾನಾಗಿಯೇ ಉಳಿಯಿತೆಂಬ ಸುಳ್ಳು ನಿಲ್ಲುತ್ತದೆ. ಎರಡನೆಯ ಆಕ್ಷೇಪ ಇನ್ನೂ ಚುರುಕು: ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ ನಿಂತು ವರ್ಷಗಳಾಗಿವೆ, 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿದ್ದು ಕಾರ್ಮಿಕರು ಬೀದಿಗಿಳಿದರು, ಅವರ ಸಂಕಟ ಹವ್ಯಾಸಿಗಳ ನೋಟಕ್ಕೆ ಸರಕಾಗಬೇಕೆ? ಸೈಕಲ್ ಸವಾರರು ತಿನ್ನುವ ಇಡ್ಲಿ, ಉಳಿಯುವ ಕೋಣೆಯ ಬಾಡಿಗೆ ಒಂದು ಕಾರ್ಖಾನೆಯ ಸಂಬಳಕ್ಕೆ ಬದಲಿಯಾಗದು, ಹಾಗೆಂದು ವಾದಿಸುವುದು ಅನ್ಯಾಯ. ಆದರೆ ಊರಿನ ದುಡಿಮೆ ಬೇರೆಯವರ ನೆನಪಿನಿಂದಲೂ ಅಳಿಸಿಹೋದರೆ ಅದರ ಪರ ಮಾತನಾಡುವವರು ಇನ್ನೂ ಕಡಿಮೆಯಾಗುತ್ತಾರೆ. ನೋಡಿ ತಿಳಿದು ಹೋಗುವವರು ಕನಿಷ್ಠ ಸಾಕ್ಷಿಗಳಾದರೂ ಆಗುತ್ತಾರೆ.

ಮೂರನೆಯದು ವ್ಯವಹಾರದ ಪ್ರಶ್ನೆ: ಮಲೆನಾಡಿನ ಇಕ್ಕಟ್ಟು ರಸ್ತೆಯಲ್ಲಿ ಸೈಕಲ್ ಕ್ಷೇಮವೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲ. ಪಾಚಿ ಹಿಡಿದ ಡಾಂಬರು, ಕುಸಿಯುವ ಧರೆ, ಎದುರಿನ ದೀಪವೂ ಕಾಣದ ಮಂಜು. ವಾರಾಂತ್ಯದಲ್ಲಿಯೂ ಅಲ್ಲ, ಕೆಮ್ಮಣ್ಣುಗುಂಡಿಯ ಏರಿನಲ್ಲಿ ಆಗ ಕಾರುಗಳದೇ ರಾಜ್ಯ. ನವೆಂಬರಿನಿಂದ ಫೆಬ್ರುವರಿವರೆಗಿನ ವಾರದ ದಿನಗಳು ತಕ್ಕವು. ಕುದುರೆಮುಖದ ಕಾಡಿನ ರಸ್ತೆಯಲ್ಲಿ ತನಿಖಾ ಠಾಣೆಗಳಿವೆ, ನಡುವೆ ಬೀಡುಬಿಡಲು ಅವಕಾಶವಿಲ್ಲ. ಅರಣ್ಯ ಇಲಾಖೆಯನ್ನು ಮೊದಲೇ ವಿಚಾರಿಸಿ, ಬೆಳಗ್ಗೆ ಹೊರಟು ಬೆಳಕಿರುವಾಗಲೇ ದಾಟಬೇಕು. ಕಾಟಿಗಳು ರಸ್ತೆಗೆ ಬಂದರೆ ದಾರಿ ಅವುಗಳದ್ದು. ಹಳೆಯ ಗಣಿ ಪ್ರದೇಶಕ್ಕೂ ಲಕ್ಯಾ ಕಟ್ಟೆಗೂ ಮನಬಂದಂತೆ ನುಗ್ಗುವ ಹಾಗಿಲ್ಲ. ಈ ನಿರ್ಬಂಧಗಳು ಇಂಥ ಸವಾರಿಗೆ ಅಡ್ಡಿಯೆನ್ನುವವರಿಗೆ ಹೇಳಬೇಕಾದ್ದು ಇಷ್ಟೇ: ಇಲ್ಲಿ ನೋಡಬೇಕಾದ ಮುಖ್ಯ ವಸ್ತು ಬೇಲಿಯ ಆಚೆ ಇಲ್ಲ, ಚಕ್ರದ ಕೆಳಗೇ ಇದೆ.

ಆದ್ದರಿಂದ ಸರ್ಕಾರ ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ. ರೋಪ್‌ವೇ ಇದ್ದ ಕಡೆ ಅದರ ದಿಕ್ಕು ತಿಳಿಸುವ ಫಲಕ, ಟ್ರಾಮ್ ಹಳಿಯ ಜಾಡು ಗುರುತಿಸುವ ಕಲ್ಲು, ಕುದುರೆಮುಖದಲ್ಲಿ ಗಣಿಯನ್ನೂ ಅದರ ವಿರುದ್ಧದ ಹೋರಾಟವನ್ನೂ ಒಟ್ಟಿಗೆ ಹೇಳುವ ಒಂದು ಕೋಣೆ, ಭದ್ರಾವತಿಯಲ್ಲಿ ನಿವೃತ್ತ ಕಾರ್ಮಿಕರೇ ನಡೆಸುವ ಒಂದು ಗಂಟೆಯ ಪರಿಚಯ ಇದ್ದರೆ ಸಾಕು. ರಸ್ತೆ ಅಗಲಿಸುವ ಉತ್ಸಾಹ ಮಾತ್ರ ಬೇಡ. ಗುಡ್ಡವನ್ನು ಮತ್ತೊಮ್ಮೆ ಬಗೆದು ಅದರ ಕಥೆ ಹೇಳಹೊರಡುವುದು ಕುದುರೆಮುಖ ಕಲಿಸಿದ ಪಾಠಕ್ಕೇ ವಿರುದ್ಧ.