ಶಹಾಡ್ ಕಾರ್ಖಾನೆಯ ಹಿಂದಿನ ಷೇರು ಲೆಕ್ಕ

ಕಲ್ಯಾಣದಿಂದ ಕಸಾರಾ ಕಡೆಗೆ ಹೊರಟ ಲೋಕಲ್‌ಗೆ ಮೊದಲು ಸಿಗುವ ನಿಲ್ದಾಣ ಶಹಾಡ್. ಅಲ್ಲಿನ ಸೆಂಚುರಿ ರೇಯಾನ್ ಕಾರ್ಖಾನೆ 1950ರ ದಶಕದಿಂದ ರೇಯಾನ್ ನೂಲು ತಯಾರಿಸುತ್ತಾ ಬಂದಿದೆ. ಅದರ ಒಡೆಯ ಕಂಪನಿ ಸೆಂಚುರಿ ಟೆಕ್ಸ್‌ಟೈಲ್ಸ್ 1897ರಲ್ಲಿ ಮುಂಬೈಯಲ್ಲಿ ಸ್ಥಾಪನೆಯಾದದ್ದು. ಕಳೆದ ಕೆಲವು ವರ್ಷಗಳಲ್ಲಿ ಈ ಕಂಪನಿ ಗುರುತೇ ಸಿಗದಷ್ಟು ಬದಲಾಯಿತು. 2018ರ ಫೆಬ್ರವರಿಯಲ್ಲಿ ರೇಯಾನ್ ನೂಲಿನ ವ್ಯವಹಾರ ನಡೆಸುವ ಹಕ್ಕು 15 ವರ್ಷಗಳ ಅವಧಿಗೆ, ಸೆಂಚುರಿಯಂತೆಯೇ ಬಿರ್ಲಾ ಬಳಗಕ್ಕೆ ಸೇರಿದ ಗ್ರಾಸಿಮ್ ಕಂಪನಿಗೆ ಹೋಯಿತು. ಅದಕ್ಕೆ 600 ಕೋಟಿ ರೂಪಾಯಿ ಮುಂಗಡ ಸಂದಾಯವಾಯಿತು. 2019ರಲ್ಲಿ ಸಿಮೆಂಟ್ ವಿಭಾಗ ಅದೇ ಬಳಗದ ಅಲ್ಟ್ರಾಟೆಕ್ ಸೇರಿತು. ಸೆಂಚುರಿಯ 8 ಷೇರು ಇದ್ದವರಿಗೆ ಅಲ್ಟ್ರಾಟೆಕ್‌ನ 1 ಷೇರು ಸಿಕ್ಕಿತು. 2024ರಲ್ಲಿ ಕಂಪನಿಯ ಹೆಸರೇ ಆದಿತ್ಯ ಬಿರ್ಲಾ ರಿಯಲ್ ಎಸ್ಟೇಟ್ ಎಂದಾಯಿತು. ಮರುವರ್ಷ ಕಾಗದದ ವಿಭಾಗವನ್ನು 3,500 ಕೋಟಿ ರೂಪಾಯಿಗೆ ಐಟಿಸಿಗೆ ಮಾರುವ ಒಪ್ಪಂದವೂ ಆಯಿತು. ಇಷ್ಟು ದೊಡ್ಡ ತಿರುವುಗಳನ್ನು ತೀರ್ಮಾನಿಸಿದವರು ಯಾರು ಎಂದು ತಿಳಿಯಬೇಕಾದರೆ ಕಂಪನಿಯ ಷೇರುದಾರರ ಪಟ್ಟಿಯನ್ನು ಓದಬೇಕು.

ಷೇರು ಪೇಟೆಯಲ್ಲಿ ನೋಂದಾಯಿತವಾದ ಪ್ರತಿ ಕಂಪನಿಯೂ ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಈ ಪಟ್ಟಿಯನ್ನು ಷೇರು ವಿನಿಮಯ ಕೇಂದ್ರಕ್ಕೆ ಕೊಡಬೇಕು. ಅದರಲ್ಲಿ ಒಂದು ಕಡೆ ಪ್ರವರ್ತಕರು, ಅಂದರೆ ಕಂಪನಿಯನ್ನು ಹಿಡಿತದಲ್ಲಿಟ್ಟುಕೊಂಡ ಕುಟುಂಬ ಮತ್ತು ಅವರ ಬಳಗದ ಸಂಸ್ಥೆಗಳು. ಇನ್ನೊಂದು ಕಡೆ ಸಾರ್ವಜನಿಕರು: ಮ್ಯೂಚುವಲ್ ಫಂಡ್, ವಿಮಾ ಕಂಪನಿ, ವಿದೇಶಿ ಹೂಡಿಕೆದಾರರು, ಕೊನೆಗೆ ನಮ್ಮ ನಿಮ್ಮಂಥವರು. ಸಾಮಾನ್ಯ ನಿಯಮದಂತೆ ಸಾರ್ವಜನಿಕರ ಪಾಲು ಕನಿಷ್ಠ ಶೇ 25 ಇರಲೇಬೇಕು. ಪ್ರವರ್ತಕರ ಪಾಲು ಹೆಚ್ಚಿದ್ದರೆ ಕಂಪನಿ ಗಟ್ಟಿ, ವಿದೇಶಿಯರು ಕೊಂಡರೆ ನಾವೂ ಕೊಳ್ಳಬಹುದು ಎಂಬ ಮಾತು ಹೂಡಿಕೆದಾರರ ನಡುವೆ ಓಡಾಡುತ್ತದೆ. ನನ್ನ ವಾದ ಬೇರೆ. ಶೇಕಡಾವಾರು ಎಷ್ಟು ಎನ್ನುವುದಕ್ಕಿಂತ, ಆ ಪಾಲಿನಿಂದ ಯಾರು ಒಬ್ಬರೇ ತೀರ್ಮಾನಿಸಬಲ್ಲರು, ಯಾರು ತಡೆಯಬಲ್ಲರು ಎಂಬುದು ಮುಖ್ಯ.

ಶಹಾಡ್ ಕಾರ್ಖಾನೆಯ ಒಡೆಯ ಕಂಪನಿಯಲ್ಲಿ ಪ್ರವರ್ತಕರ ಪಾಲು ಅರ್ಧಕ್ಕಿಂತ ತುಸು ಹೆಚ್ಚು. ಸಾಮಾನ್ಯ ನಿರ್ಣಯಕ್ಕೆ ಬೇಕಾದದ್ದು ಚಲಾವಣೆಯಾದ ಮತಗಳಲ್ಲಿ ಬಹುಮತ ಮಾತ್ರ. ಅಷ್ಟಕ್ಕೆ ಅವರೇ ಸಾಕು. ಆದರೆ ವಿಶೇಷ ನಿರ್ಣಯಕ್ಕೆ ವಿರೋಧದ ಮೂರು ಪಟ್ಟಾದರೂ ಪರವಾದ ಮತ ಬೇಕು. ಸಿಮೆಂಟ್ ವಿಭಾಗವನ್ನು ಬೇರ್ಪಡಿಸುವಂಥ ಯೋಜನೆಗೆ ಕಂಪನಿ ಕಾಯ್ದೆಯ ಪ್ರಕಾರ ಮತ ಹಾಕಿದವರ ಷೇರು ಮೌಲ್ಯದ ಮುಕ್ಕಾಲು ಪಾಲಿನ ಒಪ್ಪಿಗೆ ಬೇಕು, ಆಮೇಲೆ ಕಂಪನಿ ನ್ಯಾಯಮಂಡಳಿಯ ಮುದ್ರೆಯೂ ಬೀಳಬೇಕು. ಅರ್ಧ ಪಾಲಿನ ಬಲದಿಂದ ಅಲ್ಲಿಗೆ ಮುಟ್ಟಲಾಗದು. ಉಳಿದ ಅರ್ಧದಲ್ಲಿ ದೊಡ್ಡ ಗಂಟು ಹಿಡಿದ ಫಂಡ್, ವಿಮಾ ಕಂಪನಿಯಂಥ ಸಂಸ್ಥೆಗಳು ಒಪ್ಪಲೇಬೇಕು. ಕಂಪನಿ ತನ್ನ ಸಂಬಂಧಿತ ಸಂಸ್ಥೆಯ ಜೊತೆ ದೊಡ್ಡ ವ್ಯವಹಾರ ಮಾಡುವಾಗಲಂತೂ ಸಂಬಂಧಿತರು ಪರವಾಗಿ ಮತ ಹಾಕುವಂತೆಯೇ ಇಲ್ಲ. ಒಂದೇ ಬಳಗದ ಕಂಪನಿಗಳ ನಡುವೆ ಆಸ್ತಿ ಕೈ ಬದಲಾಗುವಾಗ ಬೆಲೆ ನ್ಯಾಯವಾದದ್ದೇ ಎಂದು ಕೇಳುವ ಶಕ್ತಿ ಇರುವುದು ಸಂಸ್ಥೆಗಳಿಗೆ ಮಾತ್ರ.

ಸಂಸ್ಥೆಗಳು ಜಗಳಕ್ಕೆ ನಿಲ್ಲುವುದಿಲ್ಲ, ಸರಿಬಾರದಿದ್ದರೆ ಷೇರು ಮಾರಿ ಹೊರಟುಹೋಗುತ್ತವೆ ಎಂಬ ಆಕ್ಷೇಪಣೆ ಇದೆ. ಬಹುಕಾಲ ಅದು ನಿಜವೇ ಆಗಿತ್ತು. ಆದರೆ ನಮ್ಮ ಬೆಂಗಳೂರಿನ ಇನ್ಫೋಸಿಸ್ ಬೇರೆ ಪಾಠ ಕಲಿಸಿತು. ಅಲ್ಲಿ ಸಂಸ್ಥಾಪಕ ಕುಟುಂಬಗಳ ಪಾಲು ಶೇ 13ರ ಆಸುಪಾಸು. 2017ರ ಆಗಸ್ಟ್ 18ರಂದು ಕಂಪನಿಯ ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟಾಗ ಸಂಸ್ಥಾಪಕ ಎನ್. ಆರ್. ನಾರಾಯಣಮೂರ್ತಿಯವರಿಗೂ ಆಡಳಿತ ಮಂಡಳಿಗೂ ನಡುವಿನ ಮನಸ್ತಾಪ ಬೀದಿಗೆ ಬಂದಿತ್ತು. ಆಗ ದೇಶದ ಪ್ರಮುಖ ಫಂಡ್ ವ್ಯವಸ್ಥಾಪಕರು ಇನ್ನೊಬ್ಬ ಸಂಸ್ಥಾಪಕ ನಂದನ್ ನಿಲೇಕಣಿಯವರನ್ನು ಕರೆತನ್ನಿ ಎಂದು ಮಂಡಳಿಗೆ ಪತ್ರ ಬರೆದರು. ಆಗಸ್ಟ್ 24ಕ್ಕೆ ನಿಲೇಕಣಿ ಅಧ್ಯಕ್ಷರಾದರು. ಸಂಸ್ಥೆಗಳ ಮಾತು ಎಲ್ಲ ಕಡೆಯೂ ಹೀಗೆ ನಡೆಯುವುದಿಲ್ಲ, ನಿಜ. ಅದಕ್ಕೇ ಷೇರು ಪೇಟೆಯ ನಿಯಂತ್ರಕ ಸೆಬಿ 2022ರ ಏಪ್ರಿಲ್‌ನಿಂದ ಮ್ಯೂಚುವಲ್ ಫಂಡ್‌ಗಳು ಪ್ರತಿ ನಿರ್ಣಯಕ್ಕೂ ಮತ ಹಾಕಲೇಬೇಕೆಂದು ಕಡ್ಡಾಯ ಮಾಡಿದೆ. ಹಾಕಿದ ಮತ ಮತ್ತು ಅದರ ಕಾರಣವನ್ನು ಅವು ಬಹಿರಂಗಪಡಿಸಬೇಕು. ಫಂಡ್‌ಗೆ ಎಸ್‌ಐಪಿ ಕಂತು ಕಟ್ಟುವವರು ಅದನ್ನು ಓದುವುದು ಬಹಳ ಕಡಿಮೆ. ಇದು ನನಗೆ ನಿಜಕ್ಕೂ ನೋವಿನ ವಿಷಯ, ಏಕೆಂದರೆ ಆ ಮತದ ಹಿಂದಿರುವುದು ಅವರದೇ ದುಡ್ಡು.

ಒಳಗಿನವರ ಕೊಳ್ಳುವಿಕೆ ನೋಡಿದರೆ ಸಾಲದೇ ಎಂದು ಕೇಳುವವರೂ ಇದ್ದಾರೆ. ಪ್ರವರ್ತಕರು, ನಿರ್ದೇಶಕರು ಮುಂತಾದವರು ಒಂದು ತ್ರೈಮಾಸಿಕದಲ್ಲಿ 10 ಲಕ್ಷ ರೂಪಾಯಿ ಮೀರಿ ವ್ಯವಹರಿಸಿದರೆ ಎರಡು ವಹಿವಾಟು ದಿನಗಳೊಳಗೆ ಕಂಪನಿಗೆ ತಿಳಿಸಬೇಕು. ತ್ರೈಮಾಸಿಕ ಮುಗಿದಾಗಿನಿಂದ ಫಲಿತಾಂಶ ಹೊರಬಿದ್ದು 48 ಗಂಟೆ ಕಳೆಯುವವರೆಗೆ ಅವರು ವಹಿವಾಟು ನಡೆಸುವಂತಿಲ್ಲ. ಅವರ ಕೈಹಣದ ಖರೀದಿ ಒಳ್ಳೆಯ ಸೂಚನೆ, ಸರಿ. ಮಾರಾಟಕ್ಕೆ ಮಾತ್ರ ಮನೆ, ಮದುವೆ, ತೆರಿಗೆ ಎಂದು ನೂರು ಕಾರಣ ಇರಬಹುದು. ಅದಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಪ್ರವರ್ತಕರ ಷೇರುಗಳಲ್ಲಿ ಎಷ್ಟು ಸಾಲಕ್ಕೆ ಒತ್ತೆ ಬಿದ್ದಿವೆ ಎಂಬ ಸಾಲಿಗೆ. ಬೆಲೆ ಕುಸಿದಾಗ ಸಾಲ ಕೊಟ್ಟವರು ಆ ಷೇರುಗಳನ್ನು ಮಾರಿದರೆ ಬೆಲೆ ಇನ್ನೂ ಕುಸಿಯುತ್ತದೆ; ಪ್ರವರ್ತಕರ ಹಿಡಿತವೂ ಜಾರುತ್ತದೆ. ಈ ಒತ್ತೆಯ ಲೆಕ್ಕವೂ ಅದೇ ತ್ರೈಮಾಸಿಕ ಪಟ್ಟಿಯಲ್ಲಿದೆ.

ಡೊಂಬಿವಲಿಯಲ್ಲೋ ಶಹಾಡ್‌ನಲ್ಲೋ ಕುಳಿತು ನೂರು ಷೇರು ಇಟ್ಟುಕೊಂಡ ಕನ್ನಡಿಗನ ಮತದಿಂದ ಏನಾದೀತು ಎಂದು ಅನ್ನಿಸುವುದು ಸಹಜ. ಎಣಿಕೆಯಾಗುವುದು ಹಾಕಿದ ಮತ ಮಾತ್ರ; ಸಣ್ಣವರು ಸುಮ್ಮನಿದ್ದಷ್ಟೂ ದೊಡ್ಡವರ ತೂಕ ಏರುತ್ತದೆ. ಇ-ವೋಟಿಂಗ್ ಬಂದಮೇಲೆ ಸಭೆಗೆ ಹೋಗುವ ಅಗತ್ಯವೂ ಇಲ್ಲ. ಮುಂದಿನ ಸಲ ಕಂಪನಿಯಿಂದ ಮತ ಕೇಳಿ ಇ-ಮೇಲ್ ಬಂದರೆ ಅಳಿಸಬೇಡಿ. ನಿರ್ಣಯ ಓದಿ, ಮತ ಹಾಕಿ.