ಕಾಯುವ ಬಲ ಕೊಟ್ಟ ತೊಟ್ಟಿಗಳು

ಫ್ರಾನ್ಸಿನ ದಕ್ಷಿಣದ ಲಾಂಗ್‌ದಾಕ್ ಸೀಮೆಯಲ್ಲಿ ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ದ್ರಾಕ್ಷಿ ಕೊಯ್ಲು ಶುರುವಾಗುತ್ತದೆ. ಅಷ್ಟರೊಳಗೆ ಹೋದ ವರ್ಷದ ವೈನ್ ಮನೆ ಬಿಟ್ಟಿರಬೇಕು. ಇಲ್ಲವಾದರೆ ಹೊಸ ರಸ ತುಂಬಲು ಪಾತ್ರೆ ಇರುವುದಿಲ್ಲ. ನಾಲ್ಕೆಕರೆ ಬಳ್ಳಿ, ಹಿತ್ತಿಲ ಕೊಟ್ಟಿಗೆಯಲ್ಲಿ ಮೂರು ಪೀಪಾಯಿ ಇಟ್ಟುಕೊಂಡ ರೈತನ ಈ ಇಕ್ಕಟ್ಟು ಸಗಟು ವ್ಯಾಪಾರಿಗೆ ಚೆನ್ನಾಗಿ ಗೊತ್ತು. ಅವನು ಬರುವುದು ತಡವಾದಷ್ಟೂ ದರ ಇಳಿಯುತ್ತದೆ. ಬೇಸಿಗೆ ಬಲಿತರೆ ವೈನ್ ಹುಳಿಯಾಗುವ ಭಯ ಬೇರೆ. ಕೋಲಾರದ ಮಂಡಿಯಲ್ಲಿ ಟೊಮೆಟೊ ಕ್ರೇಟು ಇಳಿಸಿ ಹರಾಜಿನ ಕೂಗಿಗೆ ಕಿವಿಗೊಟ್ಟು ನಿಂತವರಿಗೆ ಈ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಣ್ಣ ವೈನ್ ಬೆಳೆಗಾರರಿಗೆ ಈ ಇಕ್ಕಟ್ಟಿನಿಂದ ಒಂದು ದಾರಿ ತೋರಿಸಿದ ಊರು ಮರೊಸಾನ್. ಬೆಜಿಯೆ ನಗರದ ಪಕ್ಕದಲ್ಲಿ, ಓರ್ಬ್ ನದಿಯ ಬದಿಗಿರುವ ಹಳ್ಳಿ. 1901ರ ಡಿಸೆಂಬರಿನಲ್ಲಿ ಎಲಿ ಕತಾಲಾ ಎಂಬವರ ಮುಂದಾಳತ್ವದಲ್ಲಿ ಅಲ್ಲಿನ ಸಣ್ಣ ಹಿಡುವಳಿದಾರರು ಸೇರಿ ಒಂದು ಸಂಘ ಕಟ್ಟಿದರು. ಅದಕ್ಕಿಟ್ಟ ಹೆಸರು ‘ಸ್ವತಂತ್ರ ದ್ರಾಕ್ಷಿ ಬೆಳೆಗಾರರು’. ಯಾರಿಂದ ಸ್ವತಂತ್ರ ಎಂಬುದನ್ನು ಆ ಊರಲ್ಲಿ ಯಾರೂ ಕೇಳುವ ಹಾಗಿರಲಿಲ್ಲ.

ಅವರು ಮೊದಲು ಕೈಹಾಕಿದ್ದು ತಯಾರಿಕೆಗಲ್ಲ, ಮಾರಾಟಕ್ಕೆ. ಇದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ವೈನನ್ನು ಎಲ್ಲರೂ ಮೊದಲಿನಂತೆ ತಮ್ಮ ತಮ್ಮ ಮನೆಯಲ್ಲೇ ಮಾಡುತ್ತಿದ್ದರು. ಸಂಘ ಅದನ್ನು ಒಟ್ಟುಗೂಡಿಸಿ, ಹದವಾಗಿ ಬೆರೆಸಿ, ವ್ಯಾಪಾರಿಯ ಹಂಗಿಲ್ಲದೆ ನೇರವಾಗಿ ಪ್ಯಾರಿಸ್ಸಿಗೆ ಕಳಿಸತೊಡಗಿತು. ಕೊಳ್ಳುವವರು ಯಾರು? ಅಲ್ಲಿನ ಕಾರ್ಮಿಕರ ಬಳಕೆದಾರ ಸಹಕಾರ ಸಂಘಗಳು. ನಗರದ ಕಾರ್ಮಿಕನಿಗೆ ಕಲಬೆರಕೆಯಿಲ್ಲದ ವೈನ್ ಬೇಕಿತ್ತು, ಹಳ್ಳಿಯ ರೈತನಿಗೆ ಮೋಸವಿಲ್ಲದ ಗಿರಾಕಿ ಬೇಕಿತ್ತು. ಪ್ಯಾರಿಸ್ ಅಂಚಿನ ಶಾರಂಟೊನ್‌ನಲ್ಲಿ ಸಂಘದ್ದೇ ದಾಸ್ತಾನು ಮಳಿಗೆಯಾಯಿತು. 1905ರಲ್ಲಿ ಊರಿನಲ್ಲೇ ವೈನ್ ತಯಾರಿಸುವ ದೊಡ್ಡ ಕಟ್ಟಡ ಎದ್ದಿತು. ‘ಎಲ್ಲರೂ ಒಬ್ಬೊಬ್ಬರಿಗಾಗಿ, ಒಬ್ಬೊಬ್ಬರೂ ಎಲ್ಲರಿಗಾಗಿ’ ಎಂಬುದು ಸಂಘದ ಧ್ಯೇಯವಾಕ್ಯ. ಸಮಾಜವಾದಿ ನಾಯಕ ಜಾನ್ ಜೋರೆಸ್ ಅದೇ ವರ್ಷ ಈ ಹಳ್ಳಿಗೆ ಬಂದು ನೋಡಿ ಮೆಚ್ಚಿದರು.

ಅದೇ 1905ರಲ್ಲಿ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಇಲ್ಲಿ ಬಡ್ಡಿ ಸಾಹುಕಾರ, ಅಲ್ಲಿ ಸಗಟು ವ್ಯಾಪಾರಿ. ಒಬ್ಬರಿಗೊಬ್ಬರ ಸುದ್ದಿಯೇ ಗೊತ್ತಿರದ ಎರಡು ಹಳ್ಳಿಗಳು ಒಂದೇ ವರ್ಷ ಒಂದೇ ಬಗೆಯ ಬಾಗಿಲು ತೆರೆದದ್ದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಸಗಟು ವ್ಯಾಪಾರಿಯ ಕೈ ಮೇಲಾಗಲು ಪೇಟೆಯಲ್ಲಿ ವೈನ್ ಮಿಕ್ಕಿದ್ದೂ ಒಂದು ಕಾರಣ. ಅಷ್ಟೊಂದು ಮಿಕ್ಕಿದ್ದಾದರೂ ಹೇಗೆ? ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಎಂಬ ಕೀಟ ಬೇರಿಗೆ ಬಿದ್ದು ಫ್ರಾನ್ಸಿನ ಬಳ್ಳಿಗಳನ್ನು ಒಣಗಿಸಿತು. ಅಮೆರಿಕದ ಬೇರುಗಿಡಕ್ಕೆ ಕಸಿ ಕಟ್ಟಿ ಮತ್ತೆ ನೆಡುವಾಗ ದಕ್ಷಿಣದ ರೈತರು ಬಯಲಿಗಿಳಿದು, ಗೊಂಚಲು ಜಗ್ಗುವಂತೆ ಬಿಡುವ ಅರಮೊಂ ತಳಿಯನ್ನು ಹಾಕಿದರು. ವೈನಿನ ಬರಗಾಲದ ದಿನಗಳಲ್ಲಿ ರೂಢಿಯಾಗಿದ್ದ ಸಕ್ಕರೆ ನೀರಿನ ವೈನು, ಒಣದ್ರಾಕ್ಷಿಯ ವೈನು ಪೇಟೆ ಬಿಡಲಿಲ್ಲ. ಅಲ್ಜೀರಿಯಾದಿಂದ ಹಡಗಿನಲ್ಲಿ ಬರುವುದೂ ಸೇರಿತು. ದರ ಕುಸಿಯಿತು. 1907ರಲ್ಲಿ ಮಾರ್ಸೆಲಿನ್ ಆಲ್ಬೆರ್ ಎಂಬ ಹಳ್ಳಿಯ ಕೆಫೆ ಮಾಲೀಕನ ಹಿಂದೆ ಇಡೀ ಸೀಮೆ ಬೀದಿಗಿಳಿಯಿತು. ಜೂನ್ 9ರಂದು ಮೊಂಪೆಲಿಯೆ ನಗರದಲ್ಲಿ ಸೇರಿದವರು ಲಕ್ಷಗಟ್ಟಲೆ. ನಾರ್ಬನ್ನಿನಲ್ಲಿ ಗುಂಡು ಹಾರಿ ಜನ ಸತ್ತರು. ಆ ಸೀಮೆಯದೇ ಹುಡುಗರಿದ್ದ ಹದಿನೇಳನೇ ರೆಜಿಮೆಂಟ್ ದಂಗೆಯೆದ್ದಿತು. ತಿಂಗಳ ಕೊನೆಗೆ ಬಂದ ಕಾನೂನು, ಪ್ರತಿಯೊಬ್ಬ ಬೆಳೆಗಾರನೂ ಕೊಯ್ಲಿನ ಲೆಕ್ಕ ಬರೆದುಕೊಡಬೇಕೆಂದು ವಿಧಿಸಿತು. ಎಷ್ಟು ಬೆಳೆದಿದೆ ಎಂಬ ಲೆಕ್ಕ ಕೈಯಲ್ಲಿದ್ದರೆ ತಾನೆ ಎಷ್ಟು ಕಲಬೆರಕೆಯಾಗಿದೆ ಎಂದು ಹೇಳಲು ಸಾಧ್ಯ!

ಆಮೇಲೆ ಮರೊಸಾನ್ ಮಾದರಿ ಊರೂರಿಗೆ ಹಬ್ಬಿತು. ಎರಡು ಮಹಾಯುದ್ಧಗಳ ನಡುವೆ ಎದ್ದ ಎತ್ತರದ ಕಾಂಕ್ರೀಟ್ ಕಟ್ಟಡಗಳಿಗೆ ಜನ ‘ವೈನಿನ ಇಗರ್ಜಿ’ಗಳೆಂದೇ ಹೆಸರಿಟ್ಟರು. ಕೆಲಸದ ಕ್ರಮ ನಮ್ಮ ಹಳ್ಳಿಯ ಹಾಲಿನ ಡೇರಿಯದೇ. ಡೇರಿಯಲ್ಲಿ ಹಾಲಿನ ಅಳತೆಯ ಜೊತೆಗೆ ಫ್ಯಾಟ್ ನೋಡುವಂತೆ, ಅಲ್ಲಿ ದ್ರಾಕ್ಷಿಯ ತೂಕದ ಜೊತೆಗೆ ಸಿಹಿಯ ಡಿಗ್ರಿ ನೋಡಿ ಸದಸ್ಯನ ಖಾತೆಗೆ ಬರೆಯುತ್ತಾರೆ. ಹಣ ಒಂದೇ ಗಂಟಿನಲ್ಲಿ ಬರುವುದಿಲ್ಲ. ವೈನ್ ಮಾರಾಟವಾದ ಹಾಗೆ ವರ್ಷವಿಡೀ ಕಂತಿನಲ್ಲಿ ಬರುತ್ತದೆ. ಮೇಲ್ನೋಟಕ್ಕೆ ಸಂಘ ಕೊಟ್ಟದ್ದು ಯಂತ್ರ, ತೊಟ್ಟಿ. ನಿಜಕ್ಕೂ ಅದು ಕೊಟ್ಟದ್ದು ಕಾಯುವ ಬಲ. ಇಂದಿನ ದರ ಹಿಡಿಸದಿದ್ದರೆ ನಾಳೆಯವರೆಗೆ ತಡೆಯಬಲ್ಲೆ ಎನ್ನುವ ಧೈರ್ಯ ನಾಲ್ಕೆಕರೆಯವನಿಗೆ ಮೊದಲ ಸಲ ಬಂದದ್ದು ಆ ಗೋಡೆಗಳೊಳಗೆ.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ತೂಕಕ್ಕೆ ಹಣ ಸಿಗುವಾಗ ತೂಕವೇ ಬೆಳೆಯುತ್ತದೆ. ತೊಟ್ಟಿ ದೊಡ್ಡದಾದಂತೆ ಮಿಗತೆಯೂ ದೊಡ್ಡದಾಯಿತು. 1931ರಲ್ಲಿ ಸರ್ಕಾರವೇ ಮಧ್ಯೆ ಬಂದು, ದಾಸ್ತಾನಿನ ಒಂದು ಪಾಲನ್ನು ತಡೆಹಿಡಿಯಬೇಕು, ಹೆಚ್ಚಾದದ್ದನ್ನು ಬಟ್ಟಿ ಇಳಿಸಿ ಮದ್ಯಸಾರ ಮಾಡಬೇಕು ಎಂದು ಕಾನೂನು ತಂದಿತು. ಹಾಲು ಹೆಚ್ಚಾದಾಗ ನಮ್ಮ ಒಕ್ಕೂಟಗಳು ಪುಡಿ ಮಾಡುವಂತೆ. ಆದರೆ ಹಾಲಿನ ಪುಡಿಯನ್ನು ಮತ್ತೆ ಹಾಲು ಮಾಡಬಹುದು, ಬಟ್ಟಿಯಿಳಿದ ವೈನ್ ಮರಳಿ ವೈನಾಗುವುದಿಲ್ಲ. ಬೆಳೆದವನಿಗೆ ಅದು ಸಂಕಟದ ಹಣ.

ಇತ್ತ ಕುಡಿಯುವವರೂ ಬದಲಾದರು. 1960ರ ಸುಮಾರಿಗೆ ಫ್ರಾನ್ಸಿನಲ್ಲಿ ತಲೆಗೆ ವರ್ಷಕ್ಕೆ ನೂರು ಲೀಟರಿಗೂ ಮೀರಿ ವೈನ್ ಖರ್ಚಾಗುತ್ತಿತ್ತು. ಈಗ ಅದರ ಅರ್ಧವೂ ಇಲ್ಲ. ಆರೋಗ್ಯದ ದೃಷ್ಟಿಯಿಂದ ಇದು ಒಳ್ಳೆಯದೇ ಎಂದು ನಾನು ನಂಬುತ್ತೇನೆ, ಆದರೆ ಅದರ ಬೆಲೆ ತೆರುತ್ತಿರುವುದು ಬಳ್ಳಿ ನೆಟ್ಟವರು. 2023ರಲ್ಲಿ ಮಿಕ್ಕ ವೈನನ್ನು ಬಟ್ಟಿ ಇಳಿಸಲು 20 ಕೋಟಿ ಯೂರೊ ನೆರವು ಘೋಷಣೆಯಾಯಿತು. ಆ ಮದ್ಯಸಾರ ಹೋಗುವುದು ಸುಗಂಧ ದ್ರವ್ಯಕ್ಕೆ, ಕೈ ತೊಳೆಯುವ ಸ್ಯಾನಿಟೈಸರಿಗೆ. ಬೊರ್ದೊ ಸೀಮೆಯಲ್ಲಂತೂ ಬಳ್ಳಿ ಕೀಳುವುದಕ್ಕೇ ಸಹಾಯಧನ.

ಹೆಚ್ಚು ಪ್ರಚಾರ ಮಾಡಿ ಮಾರೋಣವೆಂದರೆ 1991ರ ಎವಿನ್ ಕಾನೂನು ಟಿವಿಯಲ್ಲಿ, ಸಿನಿಮಾ ಮಂದಿರದಲ್ಲಿ ಮದ್ಯದ ಜಾಹೀರಾತನ್ನು ನಿಷೇಧಿಸಿದೆ. ಹಾಗಾಗಿ ಸಣ್ಣವರಿಗೆ ಉಳಿದಿರುವ ದೊಡ್ಡ ಜಾಹೀರಾತು ತಮ್ಮ ಬಾಗಿಲೇ. ಇನ್ನೊಂದು ದಾರಿ ಹೊರಪೇಟೆ. ದ್ರಾಕ್ಷಿ ತಳಿಯ ಹೆಸರನ್ನು ಬಾಟಲಿ ಮೇಲೆ ದೊಡ್ಡದಾಗಿ ಬರೆದು ‘ಪೇಯಿ ದೋಕ್’ ಗುರುತಿನಡಿ ಹೊರದೇಶಗಳಿಗೆ ಕಳಿಸಿದವರು ಗೆದ್ದರು. ಲಿಮೂ ಪಟ್ಟಣದ ಸಹಕಾರ ಸಂಘ ವರ್ಷಕ್ಕೊಮ್ಮೆ ಗರಿಗಳ ಭಾನುವಾರದ ಹೊತ್ತಿಗೆ ಪೀಪಾಯಿಗಳನ್ನು ಹರಾಜು ಹಾಕಿ, ಆ ಹಣವನ್ನು ಹಳ್ಳಿಯ ಇಗರ್ಜಿಯ ಗಂಟೆಗೋಪುರದ ದುರಸ್ತಿಗೆ ಕೊಡುತ್ತದೆ. ವೈನಿಗೆ ಊರಿನ ಹೆಸರು ಅಂಟುವ ಇಂಥ ದಾರಿ ನನಗೆ ಬಹಳ ಹಿಡಿಸುತ್ತದೆ. ಮರೊಸಾನ್ ಕೂಡ ಈಗ ಒಂಟಿಯಲ್ಲ, ನೆರೆಯ ಊರುಗಳ ಸಂಘಗಳೊಂದಿಗೆ ಕೂಡಿಕೊಂಡಿದೆ.

ಇವೆಲ್ಲದರ ನಡುವೆ ಆ ಸೀಮೆಯ ಎಷ್ಟೋ ಸಂಘಗಳ ಮಳಿಗೆಯಲ್ಲಿ ಹಳೆಯ ಪದ್ಧತಿಯೊಂದು ಇನ್ನೂ ನಡೆದಿದೆ. ಬಾಟಲಿ, ಬಿರಡೆ, ಲೇಬಲ್ ಯಾವುದರ ಖರ್ಚೂ ಇಲ್ಲದ ಬಿಡಿ ಮಾರಾಟ. ಗೋಡೆಗೆ ಪೆಟ್ರೋಲ್ ಬಂಕಿನಲ್ಲಿರುವಂಥ ಪೈಪು, ತುದಿಯಲ್ಲಿ ಹಿಡಿಕೆ. ಊರಿನವರು ಮನೆಯಿಂದ ಐದು ಲೀಟರಿನ ಕ್ಯಾನು ತಂದು ಹಿಡಿಯುತ್ತಾರೆ. ಕೆಂಪೋ ಗುಲಾಬಿಯೋ ಎಂದು ಕೇಳಿ ತುಂಬಿಸಿ, ಲೀಟರಿನ ಲೆಕ್ಕದಲ್ಲಿ ಹಣ ತೆಗೆದುಕೊಳ್ಳುತ್ತಾರೆ. ಸೆಪ್ಟೆಂಬರ್ ಬರುವುದರೊಳಗೆ ಖಾಲಿಯಾಗಬೇಕಾದ ತೊಟ್ಟಿಯಲ್ಲಿ ಐದು ಲೀಟರ್ ಕಡಿಮೆಯಾಗುತ್ತದೆ.