ರೊಟ್ಟಿ ಹಂಚು, ಡಿಶ್ ಕೇಬಲ್, ಮುಂಬೈ ವಿಮಾನ

ನಕ್ಷೆಯ ಮೇಲೆ ಮುಂಬೈಯಿಂದ ಬೆಂಗಳೂರಿಗೆ ನೇರ ಗೆರೆ ಎಳೆಯಿರಿ. ತೇರದಾಳ, ರಬಕವಿ-ಬನಹಟ್ಟಿಯ ಮಗ್ಗುಲಲ್ಲೇ ಅದು ಹಾದುಹೋಗುತ್ತದೆ. ವಿಮಾನಗಳು ಆ ಗೆರೆ ತುಳಿದೇ ಹೋಗುವುದಿಲ್ಲ, ಆ ಮಾತು ಬೇರೆ. ಆದರೂ ಜಮಖಂಡಿ, ಮುಧೋಳ, ಬೀಳಗಿಯ ಕಬ್ಬಿನ ಹೊಲಗಳ ನೆತ್ತಿಯ ಮೇಲೆ ವಿಮಾನಗಳಿಗೆ ಬರವಿಲ್ಲ. ತಮ್ಮ ಗುರುತು, ಎತ್ತರ, ವೇಗವನ್ನು 1090 ಮೆಗಾಹರ್ಟ್ಸ್‌ನಲ್ಲಿ ಅವು ಗುಟ್ಟಿಲ್ಲದೆ ಸಾರುತ್ತ ಸಾಗುತ್ತವೆ. ಎಲ್ಲಿದ್ದೇನೆ ಎಂಬುದನ್ನಂತೂ ಸೆಕೆಂಡಿಗೆ ಎರಡು ಸಲ. ಇದಕ್ಕೆ ಎಡಿಎಸ್-ಬಿ ಎಂದು ಹೆಸರು.

ಇದನ್ನು ಮನೆಯಲ್ಲಿ ಕುಳಿತು ಹಿಡಿಯುವ ಯುಎಸ್‌ಬಿ ಕಡ್ಡಿ ಹುಟ್ಟಿದ್ದು ವಿಮಾನಕ್ಕಾಗಿ ಅಲ್ಲ, ಕಂಪ್ಯೂಟರಿನಲ್ಲಿ ಟೀವಿ ನೋಡಲು. ಅದರೊಳಗಿನ ರಿಯಲ್‌ಟೆಕ್ ಚಿಪ್, ಆರ್‌ಟಿಎಲ್2832ಯು, ಗಾಳಿಯಲ್ಲಿ ಸಿಕ್ಕ ಸಂಕೇತವನ್ನು ಹಸಿಹಸಿಯಾಗಿಯೇ ಕಂಪ್ಯೂಟರಿಗೆ ದಾಟಿಸಬಲ್ಲದು ಎಂಬುದನ್ನು 2012ರಲ್ಲಿ ಫಿನ್ಲೆಂಡಿನ ಆಂಟಿ ಪಾಲೊಸಾರಿ ಬೆಳಕಿಗೆ ತಂದರು. ಓಸ್ಮೋಕಾಮ್ ಬಳಗ ಅದಕ್ಕೆ ತಂತ್ರಾಂಶ ಬರೆಯಿತು. ರೆಡಿಸ್ ದತ್ತಾಂಶ ಸಂಗ್ರಹ ಕಟ್ಟಿದ ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ, ಡಂಪ್1090 ಬರೆದು ವಿಮಾನದ ಸಂಕೇತವನ್ನು ಬಿಡಿಸಿಟ್ಟರು. ಟೀವಿಯ ಅಗ್ಗದ ಕಡ್ಡಿ ರಾತ್ರೋರಾತ್ರಿ ರೇಡಿಯೊ ಆಯಿತು.

ಆಂಟೆನಾ ಮಾತ್ರ ಟೀವಿಯದೇ ಉಳಿಯಿತು. ತೊಂದರೆ ಇರುವುದೇ ಅಲ್ಲಿ. ಮಾಳಿಗೆ ಮೇಲೆ ತುಕ್ಕು ಹಿಡಿದು ನಿಂತ ಹಳೆಯ ದೂರದರ್ಶನದ ಆಂಟೆನಾ ಇದಕ್ಕೆ ಬಾರದು: ಅದರ ಕಡ್ಡಿಗಳು ಮೊಳದುದ್ದ, ಮಲಗಿದವು, ಒಂದೇ ದಿಕ್ಕಿಗೆ ಮುಖ. ವಿಮಾನದ ತರಂಗ ನೆಟ್ಟಗೆ ನಿಂತಂಥದ್ದು, ಉದ್ದ 27.5 ಸೆಂ.ಮೀ. ಅದರ ಕಾಲು ಭಾಗ 6.9 ಸೆಂ.ಮೀ. ಡಿಶ್ ಟೀವಿಯ ಕೇಬಲ್ ತುದಿಯಲ್ಲಿ ಅಷ್ಟುದ್ದದ ತಾಮ್ರದ ತಿರುಳನ್ನು ಬಿಡಿಸಿ ನೆಟ್ಟಗೆ ನಿಲ್ಲಿಸಿ, ಹೊರಗಿನ ಜಾಲರಿಗೆ ಅಷ್ಟೇ ಉದ್ದದ ನಾಲ್ಕು ತಂತಿ ಕೂಡಿಸಿ ಕೆಳಮುಖವಾಗಿ ಬಾಗಿಸಿದರೆ ಆಂಟೆನಾ ಸಿದ್ಧ. ಅಷ್ಟೂ ಬೇಡವೆಂದರೆ, ಕಡ್ಡಿಯೊಂದಿಗೆ ಬಂದ ಪುಟ್ಟ ಆಂಟೆನಾವನ್ನೇ 6.9 ಸೆಂ.ಮೀ.ಗೆ ಕತ್ತರಿಸಿ, ಅದರ ಅಯಸ್ಕಾಂತದ ತಳವನ್ನು ಕಬ್ಬಿಣದ ರೊಟ್ಟಿ ಹಂಚಿನ ಮೇಲೆ ಕೂಡಿಸಬಹುದು. ಹಂಚನ್ನು ಬೋರಲು ಹಾಕಿ. ಅಡುಗೆಮನೆಯ ಅಪ್ಪಣೆ ಮೊದಲೇ ಪಡೆದಿರಿ.

ಜೋಡಣೆಯಲ್ಲಿ ಜನ ಸೋಲುವುದು ಹೆಚ್ಚು. ಸಾಮಾನ್ಯ ಕಡ್ಡಿಯ ತೂತು ಎಂಸಿಎಕ್ಸ್, ಸಣ್ಣದು. ಡಿಶ್ ಕೇಬಲ್‌ಗೆ ಇರುವುದು ತಿರುಪಿನ ಎಫ್ ಪಿನ್ನು. ನಡುವೆ ಎರಡನ್ನೂ ಕೂಡಿಸುವ ಗೇಣುದ್ದದ ತುಂಡು ಕೇಬಲ್ ಬೇಕು. ಪಿನ್ನು ಹಾಕುವಾಗ ಜಾಲರಿಯ ಒಂದೇ ಒಂದು ಎಳೆ ತಿರುಳಿಗೆ ತಾಗಿದರೂ ಪರದೆ ಖಾಲಿ. ಡಿಶ್ ಕೇಬಲ್ 75 ಓಮ್, ಹವ್ಯಾಸಿಗಳ ಮಾಮೂಲಿ ಲೆಕ್ಕ 50 ಓಮ್ ಎಂದು ಕೆಲವರು ತಲೆಕೆಡಿಸಿಕೊಳ್ಳುತ್ತಾರೆ. ಕೇಳುವುದಷ್ಟೇ ಕೆಲಸವಾದಾಗ ಆ ನಷ್ಟ ಲೆಕ್ಕಕ್ಕಿಲ್ಲ. ನುಂಗುವುದು ತೆಳ್ಳನೆಯ ತಂತಿ: ಅಂಥದ್ದನ್ನು ಹತ್ತು ಮೀಟರ್ ಎಳೆದರೆ ಸಂಕೇತದ ಹತ್ತನೇ ಒಂದು ಪಾಲು ಉಳಿದರೆ ಪುಣ್ಯ. ಅಷ್ಟೇ ಉದ್ದದ ಡಿಶ್ ಕೇಬಲ್ ಅರ್ಧಕ್ಕಿಂತ ಹೆಚ್ಚನ್ನು ತಂದುಕೊಡುತ್ತದೆ. ಯುಎಸ್‌ಬಿ ತಂತಿಯನ್ನೇ ಉದ್ದ ಮಾಡಿ ಕಡ್ಡಿಯನ್ನು ಆಂಟೆನಾ ಬುಡಕ್ಕೆ ಒಯ್ಯುವುದು ಇನ್ನೂ ಜಾಣತನ. ಐದು ಮೀಟರ್ ಮೀರಬಾರದು.

ಇಷ್ಟಾದರೆ 35,000 ಅಡಿ ಮೇಲಿನ ವಿಮಾನ ಸಿದ್ಧಾಂತದಲ್ಲಿ 400 ಕಿ.ಮೀ. ದೂರದಿಂದಲೂ ಸಿಗಬೇಕು. ಜಮಖಂಡಿಯಿಂದ ಹೈದರಾಬಾದ್ ಅದಕ್ಕಿಂತ ಹತ್ತಿರ. ನಡುವೆ ಮನೆ, ಮರ, ಗುಡ್ಡ ಬಂದಷ್ಟೂ ಈ ದೂರ ತಗ್ಗುತ್ತದೆ, ಅದಕ್ಕೇ ಮಾಳಿಗೆ ಏರಬೇಕು. ಪರದೆಯಲ್ಲಿ 80ರಿಂದ 83ರೊಳಗೆ ಶುರುವಾಗುವ ಆರು ಅಕ್ಷರದ ಸಂಕೇತ ಕಂಡರೆ ಅದು ಭಾರತದಲ್ಲಿ ನೋಂದಾಯಿಸಿದ ವಿಮಾನ. ಮುಂಗಾರಿಗೆ ಮೊದಲಿನ ಗುಡುಗು ಕೇಳುವ ಮುಂಚೆಯೇ ಕೇಬಲ್ ಬಿಚ್ಚಿಡಿ. ಸಿಡಿಲು ಬಡಿದರೆ ಕಡ್ಡಿಯ ಜೊತೆ ಕಂಪ್ಯೂಟರೂ ಹೋಗುತ್ತದೆ.